ಗೇಟಿನಲ್ಲಿ ಉಳಿದ ಗುಳಿಗೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರಿ' ಎಂದು ನಗುವುದುಂಟು. ಅವರ ಮನಸ್ಸಿನಲ್ಲಿರುವುದು ಧಾರವಾಡದ ಮಾನಸಿಕ ಆಸ್ಪತ್ರೆ. ಹುಬ್ಬಳ್ಳಿಯ ಕೆಲವು ಗಲ್ಲಿಗಳಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವಿದೆ. 'ಅವನ್ನ ಧಾರವಾಡಕ್ಕ ಕಳಿಸ್ಯಾರ' ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ ಅದು ಜೈಲಿನ ಸುದ್ದಿ. ವಿಶ್ವವಿದ್ಯಾಲಯ, ಸಂಗೀತ, ಪೇಡಾ ಇವೆಲ್ಲ ಆಮೇಲಿನ ಧಾರವಾಡ.

ನಾವು ಐದಾರು ಮಂದಿ ಗೆಳೆಯರು. ಒಬ್ಬರದು ಔಷಧಿ ಅಂಗಡಿ, ಒಬ್ಬರು ನಿವೃತ್ತ ಶಿಕ್ಷಕರು, ಇನ್ನೊಬ್ಬರು ವಕೀಲರ ಬಳಿ ಗುಮಾಸ್ತರು. ಸಂಘವಿಲ್ಲ, ಫಲಕವಿಲ್ಲ. ಪ್ರತಿ ವರ್ಷ ರಮಝಾನಿನಲ್ಲಿ ಝಕಾತಿನ ಹಣ ಹಂಚುವಾಗ ಎರಡು ಪಟ್ಟಿ ಮಾಡಿಕೊಳ್ಳುತ್ತಿದ್ದೆವು. ಒಂದು, ಚಿಕಿತ್ಸೆಗೆ ಕಾಸಿಲ್ಲದವರದ್ದು. ಇನ್ನೊಂದು, ಜಾಮೀನಿಗೆ ಕಾಸಿಲ್ಲದವರದ್ದು. ಮೂರ್ನಾಲ್ಕು ವರ್ಷ ಕಳೆದ ಮೇಲೆ ಶಿಕ್ಷಕರು ಎರಡೂ ನೋಟುಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅರ್ಧಕ್ಕರ್ಧ ಮನೆಗಳು ಎರಡರಲ್ಲೂ ಇದ್ದವು. ಈಗ ನಮ್ಮಲ್ಲಿರುವುದು ಒಂದೇ ಪಟ್ಟಿ. ಅದರಲ್ಲಿ ಎಲ್ಲ ಜಾತಿಧರ್ಮದವರಿದ್ದಾರೆ. ಝಕಾತಿನ ಲೆಕ್ಕ ಬೇರೆ, ಉಳಿದವರಿಗಾಗಿ ಕೈಯಿಂದ ಹಾಕುವ ವಂತಿಗೆಯ ಲೆಕ್ಕ ಬೇರೆ. ಆದರೆ ಕೆಮ್ಮಿನ ಲೆಕ್ಕ ಎಲ್ಲರದೂ ಒಂದೇ.

ಜೈಲೆಂದರೆ ಊರಿನ ಹೊರಗಿನ ಇನ್ನೊಂದು ಲೋಕ, ಅಲ್ಲಿರುವವರು ಕೊಲೆಗಡುಕರು, ಒಳಗೆ ಹೋದವರು ಹೋದರು ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಸರಕಾರದ್ದೇ ಲೆಕ್ಕ ಬೇರೆ ಮಾತು ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಇದ್ದ ಜಾಗ 4,36,266 ಜನರಿಗೆ. ಇವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ದಲಿತರು, ಆದಿವಾಸಿಗಳು, ಮುಸ್ಲಿಮರು ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗಿಂತ ಹೆಚ್ಚಾಗಿ ಅಲ್ಲಿದ್ದಾರೆ. ಈ ಜನ ಅಲ್ಲೇ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹದಿನೈದು ದಿನಕ್ಕೋ, ಮೂರು ತಿಂಗಳಿಗೋ, ಒಂದು ವರ್ಷಕ್ಕೋ ಜಾಮೀನಾಗಿ ತಮ್ಮ ಗಲ್ಲಿಗೆ, ತಮ್ಮ ಒಂದೇ ಕೋಣೆಯ ಮನೆಗೆ ಮರಳುತ್ತಾರೆ. ಒಳಗೆ ಉಸಿರಾಡಿದ ಗಾಳಿಯನ್ನು ಗೇಟಿನಲ್ಲಿ ಬಿಟ್ಟು ಬರುವುದಕ್ಕಾಗುವುದಿಲ್ಲ.

ಇದು ಹಳೆಯ ಸತ್ಯ. ಇಂಗ್ಲೆಂಡಿನಲ್ಲಿ 'ಜೈಲು ಜ್ವರ' ಎಂದೇ ಒಂದು ಕಾಯಿಲೆಗೆ ಹೆಸರಿತ್ತು. ಹೇನಿನಿಂದ ಹರಡುವ ಟೈಫಸ್ ಅದು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ವಿಚಾರಣೆಗೆ ತಂದ ಕೈದಿಗಳಿಂದ ಈ ಜ್ವರ ಹಬ್ಬಿ ನಗರದ ಮೇಯರ್ ಮತ್ತು ನ್ಯಾಯಾಧೀಶರೇ ಸತ್ತರು. ಆಗ ದೊಡ್ಡವರಿಗೆ ಜೈಲಿನ ಗಾಳಿ ನೆನಪಾಯಿತು. ಅವರು ಸಾಯದೆ ಹೋಗಿದ್ದರೆ ನೆನಪಾಗುತ್ತಿತ್ತೋ ಇಲ್ಲವೋ.

ನಮ್ಮ ಪಟ್ಟಿಯಲ್ಲಿದ್ದ ಒಬ್ಬ ಹುಡುಗನ ಸಂಗತಿ ಹೇಳುತ್ತೇವೆ. ಹೆಸರು, ಓಣಿ, ಜೈಲು ಯಾವುದೂ ಬೇಡ. ಕೆಲವು ವರ್ಷಗಳ ಹಿಂದಿನ ಮಾತು. ಇಪ್ಪತ್ತನಾಲ್ಕರ ಹರೆಯ, ಮನೆಗಳಿಗೆ ಬಣ್ಣ ಹಚ್ಚುವ ಕೆಲಸ. ಟಿಬಿ ಇದೆಯೆಂದು ಗೊತ್ತಾಗಿ ಸರಕಾರಿ ಆರೋಗ್ಯ ಕೇಂದ್ರದಿಂದ ಗುಳಿಗೆ ಶುರುವಾಗಿತ್ತು. ಎರಡನೆಯ ತಿಂಗಳು ನಡೆದಿತ್ತು, ಕೆಮ್ಮು ಕಡಿಮೆಯಾಗಿ ಮೈಗೆ ಸ್ವಲ್ಪ ಕಸುವು ಬಂದಿತ್ತು. ಅಷ್ಟರಲ್ಲಿ ಓಣಿಯಲ್ಲೊಂದು ಹೊಡೆದಾಟವಾಯಿತು. ಇವನು ಕೈ ಎತ್ತಿದ್ದನೋ, ಬಿಡಿಸಲು ಹೋಗಿದ್ದನೋ ನಮಗೆ ಗೊತ್ತಿಲ್ಲ. ಅದನ್ನು ಕೋರ್ಟು ಹೇಳಬೇಕು. ರಾತ್ರಿ ಎತ್ತಿಕೊಂಡು ಹೋದರು. ಗುಳಿಗೆಯ ಹಾಳೆ ಮನೆಯ ಟ್ರಂಕಿನ ಮೇಲೆ ಉಳಿಯಿತು.

ಬಂಧಿಸಿದವರನ್ನು ಸರಕಾರಿ ದವಾಖಾನೆಗೆ ಕರೆದೊಯ್ದು ವೈದ್ಯರಿಗೆ ತೋರಿಸಬೇಕೆಂಬ ನಿಯಮವಿದೆ. ಜನ ಅದನ್ನು 'ಮೆಡಿಕಲ್ ಮಾಡಸೂದು' ಎನ್ನುತ್ತಾರೆ. ಅಲ್ಲಿ ನೋಡಿದ್ದು ಮೈಮೇಲೆ ಗಾಯವಿದೆಯೇ ಎಂಬುದನ್ನು. ದಿನಾ ಯಾವ ಗುಳಿಗೆ ನುಂಗುತ್ತೀ ಎಂದು ಯಾರೂ ಕೇಳಲಿಲ್ಲ. ಪೊಲೀಸರ ನಡುವೆ ನಿಂತಿದ್ದ ಅವನಿಗೂ ಹೇಳುವ ಧೈರ್ಯವಾಗಲಿಲ್ಲ. ಮರುದಿನ ತಾಯಿ ಗುಳಿಗೆ ಹಿಡಿದು ಠಾಣೆಗೆ ಹೋದರೆ 'ಜೈಲಿಗೆ ಹೋಗಿ ಕೊಡಮ್ಮ' ಎಂದರು. ಜೈಲಿನ ಗೇಟಿನಲ್ಲಿ 'ಹೊರಗಿನ ಗುಳಿಗಿ ಒಳಗ ಬಿಡಂಗಿಲ್ಲ' ಎಂದರು. ಆ ನಿಯಮವನ್ನು ನಾವು ಹಳಿಯುವುದಿಲ್ಲ. ಗುಳಿಗೆಯ ಹೆಸರಲ್ಲಿ ಏನೇನೋ ಒಳಗೆ ಹೋದದ್ದುಂಟು. ಆದರೆ ಹೊರಗಿನದು ಬೇಡವೆಂದರೆ ಒಳಗಿನದು ಇರಬೇಕು. ಒಳಗೆ ಅವನಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ. ಕಫ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ಒಳಗಿನ ವೈದ್ಯರು ಬರೆದರು. ಕಳಿಸಬೇಕಾದರೆ ಬೆಂಗಾವಲಿಗೆ ಪೊಲೀಸರು ಬೇಕು. ಆ ವಾರ ಪೊಲೀಸರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಮುಂದಿನ ವಾರ ಮತ್ತೊಂದು ಬಂದೋಬಸ್ತು. ಹೀಗೆ ಹತ್ತೊಂಬತ್ತು ದಿನ ಅವನ ಬಾಯಿಗೆ ಟಿಬಿಯ ಒಂದು ಗುಳಿಗೆಯೂ ಬೀಳಲಿಲ್ಲ.

'ಭಾಯಿ, ಅವಂಗ ಶಿಕ್ಷಾ ಆಗೇತೇನ್ರಿ?' ಎಂದು ಆ ತಾಯಿ ನಮ್ಮ ಔಷಧಿ ಅಂಗಡಿಯ ಗೆಳೆಯರನ್ನು ಕೇಳಿದರು. 'ಇಲ್ಲ ಖಾಲಾ, ಇನ್ನೂ ಕೇಸೇ ಶುರು ಆಗಿಲ್ಲ' ಎಂದರು ಅವರು. 'ಹಂಗಾರ ಗುಳಿಗಿ ಯಾಕ ಬಂದ್ ಮಾಡ್ಯಾರ?'

ಆಮೇಲೆ ಚಿಕಿತ್ಸೆ ಶುರುವಾಯಿತು. ಒಳಗಿನ ವೈದ್ಯರು ಒಳ್ಳೆಯವರು, ಮುತುವರ್ಜಿ ವಹಿಸಿದರು. ಆದರೆ ನಲವತ್ತನಾಲ್ಕನೆಯ ದಿನ ಜಾಮೀನಿನ ಆದೇಶ ಬಂತು. ಸಂಜೆ ಕತ್ತಲಾಗುವ ಹೊತ್ತಿಗೆ ಗೇಟು ತೆರೆದು ಬಿಟ್ಟರು. ಅವನ ಬಟ್ಟೆಯ ಗಂಟು ಕೊಟ್ಟರು, ಪಾಕೀಟಿನಲ್ಲಿದ್ದ ನೂರಾ ಎಪ್ಪತ್ತು ರೂಪಾಯಿ ಎಣಿಸಿ ಕೊಟ್ಟು ಸಹಿ ಮಾಡಿಸಿಕೊಂಡರು. ಗುಳಿಗೆ ಮತ್ತು ಚಿಕಿತ್ಸೆಯ ಕಾರ್ಡು ಜೈಲಿನ ಆಸ್ಪತ್ರೆಯ ಕಪಾಟಿನಲ್ಲೇ ಉಳಿದವು. ಹಣಕ್ಕಿದ್ದ ಲೆಕ್ಕ ಗುಳಿಗೆಗೆ ಇರಲಿಲ್ಲ. ಮನೆಗೆ ಬಂದವನು ಕೆಲಸ ಹುಡುಕಲು ಓಡಾಡಿದ, ವಕೀಲರ ಸಾಲ ತಲೆಯ ಮೇಲಿತ್ತು. ಮತ್ತೆ ಹನ್ನೆರಡು ದಿನ ಗುಳಿಗೆಯಿಲ್ಲ. ಕೊನೆಗೆ ರಕ್ತ ಕೆಮ್ಮಿದಾಗ ದವಾಖಾನೆಗೆ ಹೋದ. ಮುಖ್ಯ ಔಷಧವಾದ ರಿಫಾಂಪಿಸಿನ್ ಅವನ ರೋಗಾಣುಗಳ ಮೇಲೆ ಕೆಲಸ ಮಾಡುತ್ತಿಲ್ಲ ಎಂದು ಪರೀಕ್ಷೆ ಹೇಳಿತು. ಆರು ತಿಂಗಳಲ್ಲಿ ಮುಗಿಯಬೇಕಿದ್ದ ಚಿಕಿತ್ಸೆ ಹದಿನೆಂಟು ತಿಂಗಳಿಗೆ ಹೋಯಿತು. ಗುಳಿಗೆ ತಪ್ಪಿದ್ದರಿಂದಲೇ ಹೀಗಾಯಿತು ಎಂದು ಖಡಾಖಂಡಿತ ಹೇಳಲು ನಾವು ವೈದ್ಯರಲ್ಲ. ನಡುನಡುವೆ ಬಿಟ್ಟ ಚಿಕಿತ್ಸೆ ರೋಗಾಣುವನ್ನು ಗಟ್ಟಿ ಮಾಡುತ್ತದೆ ಎಂಬುದು ಮಾತ್ರ ಪ್ರತಿ ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಪಾಠ. ಅವನ ಜೊತೆ ಒಂದೇ ಕೋಣೆಯಲ್ಲಿ ತಾಯಿ, ಅಕ್ಕ, ಅಕ್ಕನ ಇಬ್ಬರು ಮಕ್ಕಳು ಮಲಗುತ್ತಿದ್ದರು. ಚಿಕ್ಕ ಮಗುವಿಗೆ ಆ ವರ್ಷವೇ ಗುಳಿಗೆ ಶುರುವಾಯಿತು. ಆ ಮಗುವಿನ ಮೇಲೆ ಯಾವ ಎಫ್‌ಐಆರ್ ಇತ್ತು?

ಇದು ಒಬ್ಬನ ದುರದೃಷ್ಟವೆಂದು ಬಿಡುವ ಹಾಗಿಲ್ಲ. ಭಾರತದ ಜೈಲುಗಳಲ್ಲಿ ಟಿಬಿ ಹೊರಗಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚೆಂದು 2023ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಕಾರಣ ಹುಡುಕಲು ವಿಜ್ಞಾನಿಯೇ ಬೇಕಿಲ್ಲ. ನೂರು ಜನರ ಜಾಗದಲ್ಲಿ ನೂರಾ ಮೂವತ್ತು ಜನ, ಎತ್ತರದ ಸಣ್ಣ ಕಿಟಕಿ, ಸಂಜೆಯಿಂದ ಬೆಳಗಿನವರೆಗೆ ಬೀಗ. ಪಕ್ಕದವನು ಕೆಮ್ಮಿದರೆ ಮುಖ ತಿರುಗಿಸಲೂ ಜಾಗವಿಲ್ಲ. ಅದೇ ಗಾಳಿಯನ್ನು ವಾರ್ಡರುಗಳೂ ಉಸಿರಾಡುತ್ತಾರೆ, ಪಾಳಿ ಮುಗಿಸಿ ತಮ್ಮ ಮಕ್ಕಳ ಬಳಿಗೆ ಹೋಗುತ್ತಾರೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಜೈಲುಗಳಲ್ಲಿ ಔಷಧಕ್ಕೆ ಬಗ್ಗದ ಟಿಬಿ ಬೆಳೆದು, ಬಿಡುಗಡೆಯಾದವರ ಮೂಲಕ ಊರುಗಳನ್ನು ಹೊಕ್ಕಿದ್ದು ಜಗತ್ತಿಗೆಲ್ಲ ಗೊತ್ತು.

ನಮ್ಮಲ್ಲಿ 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕೆಂಬುದು ಮಾನದಂಡ. ದೇಶದ ಸರಾಸರಿ 775 ಜನರಿಗೆ ಒಬ್ಬರು ಎಂದು 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಹೇಳಿತು. ಐದೂಮುಕ್ಕಾಲು ಲಕ್ಷದಷ್ಟು ಕೈದಿಗಳಿಗೆ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರು ಎಲ್ಲ ಸೇರಿ ಇದ್ದದ್ದು ಇಪ್ಪತ್ತೈದು ಮಂದಿ. 2022ರಲ್ಲಿ ಜೈಲುಗಳಲ್ಲಿ 1,995 ಜನ ಸತ್ತರು. ಅದರಲ್ಲಿ 1,773 ಸಾವುಗಳನ್ನು 'ಸಹಜ' ಎಂಬ ಕಲಮಿನಲ್ಲಿ ಬರೆಯಲಾಗಿದೆ. ಕಾಯಿಲೆಯಿಂದ ಸತ್ತರೆ ಅದು ಸಹಜ. ಮೂವತ್ತರ ಹರೆಯದಲ್ಲಿ ಶ್ವಾಸಕೋಶ ಕೊಳೆತು ಸಾಯುವುದನ್ನು ಸಹಜವೆಂದು ಬರೆಯುವ ಕೈಗೆ ನಡುಕ ಬರುವುದಿಲ್ಲವೇ ಎಂದು ನಮಗೆ ಆಗಾಗ ಅನ್ನಿಸುತ್ತದೆ. ಅಸಹಜವೆಂದು ಬರೆದ 159ರಲ್ಲಿ 119 ಆತ್ಮಹತ್ಯೆಗಳು. ಮನೋರೋಗವಿರುವ ಕೈದಿಗೆ ತಕ್ಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಧಾರವಾಡದಲ್ಲಿ ಜೈಲೂ ಇದೆ, ಡಿಮ್ಹಾನ್ಸ್ ಎಂದು ಹೆಸರು ಬದಲಿಸಿಕೊಂಡ ಆ ಹಳೆಯ ಆಸ್ಪತ್ರೆಯೂ ಇದೆ. ಇಂಥ ಅನುಕೂಲ ರಾಜ್ಯದ ಎಷ್ಟು ಜಿಲ್ಲೆಗಳಿಗಿದೆ?

ಈ ಎಲ್ಲವನ್ನೂ ಹೇಳಿದವರು ತಜ್ಞರಷ್ಟೇ ಅಲ್ಲ, ಕರ್ನಾಟಕದ ಒಬ್ಬ ಕೈದಿಯೂ ಹೇಳಿದ್ದರು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ರಾಮಮೂರ್ತಿ ಎಂಬವರು 1984ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ಜೈಲುಗಳ ಒಂಬತ್ತು ರೋಗಗಳನ್ನು ಹೆಸರಿಸಿತು. ಕಿಕ್ಕಿರಿದ ಜನ, ಮುಗಿಯದ ವಿಚಾರಣೆ, ಆರೋಗ್ಯ ಮತ್ತು ನೈರ್ಮಲ್ಯದ ಕಡೆಗಣನೆ ಎಲ್ಲ ಅದರಲ್ಲಿವೆ. ಕೈದಿಯ ಮೇಲೆ ಎರಡು ಹೊರೆ ಎಂಬ ಅರ್ಥದ ಮಾತನ್ನು ಕೋರ್ಟು ಹೇಳಿತು. ಹೊರಗಿನವನಂತೆ ತನಗೆ ಬೇಕಾದ ವೈದ್ಯರಲ್ಲಿಗೆ ಹೋಗಲಾರ. ಜೊತೆಗೆ ರೋಗ ತಗಲುವ ಜಾಗದಲ್ಲೇ ಇರಬೇಕು. ಮೂರು ದಶಕವಾಗುತ್ತ ಬಂತು. ಆ ಒಂಬತ್ತರಲ್ಲಿ ಹಳತಾಗಿ ಅಳಿಸಬಹುದಾದದ್ದು ಯಾವುದು ಎಂದು ನಮ್ಮ ಗುಮಾಸ್ತ ಮಿತ್ರರು ಒಮ್ಮೆ ಹುಡುಕಿ ಸೋತರು.

ಹುಬ್ಬಳ್ಳಿಯ ಮಟ್ಟಿಗೆ ಇನ್ನೊಂದು ಮಾತಿದೆ. ನಮ್ಮ ಊರಿನ ಆರೋಗ್ಯ ಕೈದಿಗಳಿಗೆ ಒಂದು ಸಾಲ ಉಳಿಸಿಕೊಂಡಿದೆ. ಪ್ಲೇಗು ಬಂದಾಗ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನಮ್ಮ ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಹಾಫ್‌ಕಿನ್ ಅವರ ಪ್ಲೇಗು ಲಸಿಕೆ ಹಾಕಲಾಯಿತು. ಅಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಹಾಕಿದ ಮೊದಮೊದಲ ಊರುಗಳಲ್ಲಿ ನಮ್ಮದೂ ಒಂದು. ಆ ಲಸಿಕೆಯನ್ನು ಹಾಫ್‌ಕಿನ್ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಅದೇ ತಿಂಗಳ ಕೊನೆಗೆ ಪರೀಕ್ಷೆ ಮಾಡಿದ್ದು ಮುಂಬಯಿಯ ಬೈಕುಲಾ ಜೈಲಿನ ಕೈದಿಗಳ ಮೇಲೆ. ಒಪ್ಪಿಕೊಂಡೇ ಮುಂದೆ ಬಂದರು ಎಂದು ದಾಖಲೆ ಹೇಳುತ್ತದೆ. ಬೀಗ ಹಾಕಿದ ಕೋಣೆಯಲ್ಲಿರುವವನ ಒಪ್ಪಿಗೆ ಎಂಥದು ಎಂಬುದು ಓದುಗರ ವಿವೇಚನೆಗೆ ಬಿಟ್ಟದ್ದು. ಅವರ ತೋಳಿನಿಂದ ಬಂದ ಔಷಧ ನಮ್ಮ ಊರನ್ನು ತಲುಪಿತು ಎಂಬುದಂತೂ ನಿಜ.

ಇಡೀ ಸಮುದಾಯಗಳನ್ನೇ ಕೂಡಿಹಾಕಿದ ಊರೂ ನಮ್ಮದು. ಸೆಟ್ಲಮೆಂಟ್ ಎಂದರೆ ಹುಬ್ಬಳ್ಳಿಯವರಿಗೆ ಒಂದು ಬಡಾವಣೆಯ ಹೆಸರು. ರಿಕ್ಷಾದವರಿಗೆ ಹಾಗೆಂದರೆ ಸಾಕು. ಬ್ರಿಟಿಷರು 'ಅಪರಾಧಿ ಬುಡಕಟ್ಟು' ಎಂದು ಮುದ್ರೆ ಒತ್ತಿದ ಕುಟುಂಬಗಳನ್ನು ತಂತಿಬೇಲಿಯೊಳಗೆ ಇಟ್ಟು, ದಿನಾ ಹಾಜರಿ ತೆಗೆದು, ಗಿರಣಿ ಕೆಲಸಕ್ಕೆ ಕಳಿಸುತ್ತಿದ್ದ ಜಾಗವದು. ಆ ಕಾಯಿದೆಯಡಿ ಹುಟ್ಟಿದ ಕೂಸೂ ಆರೋಪಿಯೇ. 1952ರಲ್ಲಿ ದೇಶಾದ್ಯಂತ ಆ ಕಾಯಿದೆ ಹೋಯಿತು, ತಂತಿಯೂ ಹೋಯಿತು. ಆದರೂ ಕಳವಾದರೆ ಮೊದಲು ಯಾವ ಓಣಿಯ ಬಾಗಿಲು ತಟ್ಟುತ್ತಾರೆ ಎಂದು ಅಲ್ಲಿನ ಹಿರಿಯರನ್ನು ಕೇಳಬೇಕು. ನಮ್ಮ ಪಟ್ಟಿಯಲ್ಲಿ ಅಲ್ಲಿನ ಮನೆಗಳೂ ಇವೆ. ಅಲ್ಲಿನ ಒಬ್ಬ ಮುದುಕಿ 'ನಮ್ಮಪ್ಪ ಹಾಜರಿಗೆ ನಿಂತು ನಿಂತು ದಮ್ಮು ಹತ್ತಿ ಸತ್ತ, ಮೊಮ್ಮಗ ಸ್ಟೇಷನ್ನಿಗೆ ಸಹಿ ಮಾಡಾಕ ಹೋಗಿ ಹೋಗಿ ಕೂಲಿ ಕಳಕೊಂಡ' ಎಂದಿದ್ದರು.

ಜೈಲಿನ ಕಾಯಿಲೆ ಜೈಲಿಗೆ ಹೋಗದವರಿಗೂ ತಟ್ಟುತ್ತದೆ. 2022ರ ಏಪ್ರಿಲ್ 16ರ ರಾತ್ರಿ ಹಳೇಹುಬ್ಬಳ್ಳಿ ಪೊಲೀಸ್ ಠಾಣೆಯ ಎದುರು ನಡೆದ ಗಲಭೆ ನಮ್ಮೆಲ್ಲರ ನೆನಪಿನಲ್ಲಿದೆ. ಸಾಮಾಜಿಕ ಜಾಲತಾಣದ ಒಂದು ಚಿತ್ರದಿಂದ ಶುರುವಾಗಿ ಕಲ್ಲು ತೂರಾಟದವರೆಗೆ ಹೋಯಿತು. ಪೊಲೀಸರಿಗೂ ಪೆಟ್ಟಾಯಿತು, ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ನೂರೈವತ್ತಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು, ಯುಎಪಿಎ ಹಾಕಲಾಯಿತು, ಬಹುಮಂದಿ ಒಂದು ವರ್ಷಕ್ಕೂ ಮೀರಿ ಜಾಮೀನಿಲ್ಲದೆ ಉಳಿದರು. ಮೊಕದ್ದಮೆ ಹಿಂತೆಗೆದುಕೊಳ್ಳಲು 2024ರಲ್ಲಿ ಸರಕಾರ ಮಾಡಿದ ತೀರ್ಮಾನವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟು ರದ್ದುಗೊಳಿಸಿತು. ಯಾರು ತಪ್ಪಿತಸ್ಥರು ಎಂಬುದು ನ್ಯಾಯಾಲಯದ ಕೆಲಸ. ನಾವು ನೋಡಿದ್ದು ಮನೆಗಳನ್ನು. ಅನೇಕರನ್ನು ಕಲಬುರಗಿಯಂಥ ದೂರದ ಜೈಲುಗಳಿಗೆ ಕಳಿಸಿದ್ದರಿಂದ ಕೆಲವು ನಿಮಿಷದ ಭೇಟಿಗಾಗಿ ತಾಯಂದಿರು ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾಯಿತು. ಬಸ್ಸಿನ ದುಡ್ಡು ಎಲ್ಲಿಂದ ಬಂತು? ಮೊದಲು ಹಾಲು ನಿಂತಿತು, ಆಮೇಲೆ ಸಕ್ಕರೆ ಕಾಯಿಲೆಯ ಗುಳಿಗೆ. ನಮ್ಮ ಗೆಳೆಯರ ಔಷಧಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ತಿಂಗಳಿಗೆ ಮೂವತ್ತು ಗುಳಿಗೆ ಒಯ್ಯುತ್ತಿದ್ದವರು ಹದಿನೈದಕ್ಕೆ ಇಳಿದರು, ದಿನ ಬಿಟ್ಟು ದಿನ ನುಂಗತೊಡಗಿದರು. ಒಬ್ಬರ ಕಾಲಿನ ಬೆರಳು ತೆಗೆಯಬೇಕಾಯಿತು. ಇದನ್ನು ಯಾವ ಜೈಲಿನ ವರದಿಯೂ ಎಣಿಸುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಿದ್ದರೆ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದರೆ ಅದು ಅನ್ವಯಿಸುವುದಿಲ್ಲ. ಜಾಮೀನಿನ ಹಣ ಕಟ್ಟಲಾರದ ಬಡ ವಿಚಾರಣಾಧೀನರಿಗೆ ನೆರವು ಕೊಡುವ ಕೇಂದ್ರದ ಯೋಜನೆ 2023ರಿಂದ ಇದೆ. ನಾವು ಕೇಳಿದ ಮನೆಗಳಲ್ಲಿ ಅದರ ಹೆಸರು ಕೇಳಿದವರು ಸಿಗಲಿಲ್ಲ. ಕೈದಿಗೂ ಹೊರಗಿನವರಷ್ಟೇ ಮಟ್ಟದ ಚಿಕಿತ್ಸೆ ಸಿಗಬೇಕೆಂದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಮಂಡೇಲಾ ಹೆಸರಿನ ನಿಯಮಗಳಿವೆ. ಜೈಲಿಗೆ ಬರುವಾಗ ಪ್ರತಿಯೊಬ್ಬರ ಹಳೆಯ ಕಾಯಿಲೆ, ಔಷಧಿ ಕೇಳಿ ಬರೆದುಕೊಳ್ಳಲು ರಾಷ್ಟ್ರೀಯ ಮಾನವ ಹಕ್ಕು ಆಯೋಗದ ನಮೂನೆಯೂ ಇದೆ. ಟಿಬಿ ರೋಗಿಗೆ ನಿಕ್ಷಯ್ ಎಂಬ ಸರಕಾರಿ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆ ಒತ್ತಿದರೆ ದೇಶದ ಯಾವ ಮೂಲೆಯಲ್ಲಾದರೂ ಅವನ ಚಿಕಿತ್ಸೆಯ ಇತಿಹಾಸ ಸಿಗುತ್ತದೆ. ಅಂದರೆ ಆ ಬಣ್ಣದ ಹುಡುಗನ ಬಗ್ಗೆ ಎಲ್ಲ ಮಾಹಿತಿ ಸರಕಾರದ ಹತ್ತಿರವೇ ಇತ್ತು. ಒಂದು ಇಲಾಖೆಯ ಕಂಪ್ಯೂಟರಿನಿಂದ ಇನ್ನೊಂದು ಇಲಾಖೆಯ ಗೇಟಿಗೆ ಅದು ಬರಲಿಲ್ಲ ಅಷ್ಟೇ. ಬಿಡುಗಡೆಯ ದಿನ ಅಂಗಿಯ ಜೊತೆ ಹದಿನೈದು ದಿನದ ಗುಳಿಗೆ, ಒಂದು ಚೀಟಿ, ಓಣಿಯ ಆಶಾ ಕಾರ್ಯಕರ್ತೆಗೆ ಒಂದು ಫೋನು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಕಾಯಿದೆಯೂ ಬೇಕಿಲ್ಲ.

ನಮ್ಮ ಕೈಗೆಟುಕುವಷ್ಟನ್ನು ನಾವು ಮಾಡುತ್ತಿದ್ದೇವೆ. ಯಾರನ್ನಾದರೂ ಹಿಡಿದೊಯ್ದರೆಂದು ಮನೆಯವರು ಫೋನು ಮಾಡಿದರೆ, ಯಾವ ಕಲಮು, ಯಾವ ಠಾಣೆ ಎಂದು ಕೇಳುವ ಮುಂಚೆ ಯಾವ ಗುಳಿಗೆ ಎಂದು ಕೇಳುತ್ತೇವೆ. ಔಷಧಿ ಅಂಗಡಿಯ ಗೆಳೆಯರು ಕನ್ನಡದಲ್ಲೇ ಒಂದು ಚೀಟಿಯ ನಮೂನೆ ಮಾಡಿದ್ದಾರೆ. ಕಾಯಿಲೆಯ ಹೆಸರು, ಗುಳಿಗೆ, ಹೊತ್ತು, ಶುರುವಾದ ದಿನ, ಆರೋಗ್ಯ ಕೇಂದ್ರದ ಹೆಸರು, ನಿಕ್ಷಯ್ ಸಂಖ್ಯೆ. ವೈದ್ಯರ ಸಹಿ ಹಾಕಿಸಿ ಒಂದು ಪ್ರತಿ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ, ಒಂದು ಪ್ರತಿ ಜೈಲಿನ ವೈದ್ಯರಿಗೆ. ಹೆಚ್ಚಿನ ಸಲ ಅದು ನಡೆಯುತ್ತದೆ. ನ್ಯಾಯಾಧೀಶರು ಆದೇಶದಲ್ಲೇ ಒಂದು ಸಾಲು ಬರೆದರೆ ಗೇಟಿನಲ್ಲಿ ಮಾತೇ ಇಲ್ಲ.

ಈಚೆಗೆ ಒಂದು ಜೈಲಿನ ಗೇಟಿನಲ್ಲಿ ರಕ್ತದೊತ್ತಡದ ರೋಗಿಯೊಬ್ಬನ ಚೀಟಿ ಕೊಟ್ಟೆವು. ಪಹರೆಯ ಸಿಬ್ಬಂದಿ ಅದನ್ನು ಎರಡೆರಡು ಸಲ ಓದಿದ. ತಕರಾರು ತೆಗೆಯುತ್ತಾನೆಂದು ಕಾಯುತ್ತಿದ್ದೆವು. 'ಸಾಹೇಬ್ರ, ನಮ್ಮ ಅವ್ವಗೂ ಇದ ಗುಳಿಗಿ ಬರದಾರ. ಹೊರಗ ತುಟ್ಟಿ ಆಗತೈತಿ. ಪುಕ್ಕಟೆ ಎಲ್ಲಿ ಕೊಡ್ತಾರ್ರಿ?' ಎಂದು ಕೇಳಿದ. ಚೀಟಿಯ ಹಿಂಬದಿಯಲ್ಲಿ ಅವನ ಊರಿಗೆ ಹತ್ತಿರದ ಆರೋಗ್ಯ ಕೇಂದ್ರದ ಹೆಸರು ಬರೆದು ಕೊಡಹೊರಟೆವು. 'ಇದು ಒಳಗ ಹೋಗಬೇಕಲ್ರಿ, ಬ್ಯಾರೆ ಹಾಳ್ಯಾಗ ಬರೀರಿ' ಎಂದು ತನ್ನ ಕಿಸೆಯಿಂದ ಒಂದು ಹಳೆಯ ಬಸ್ ಟಿಕೇಟು ತೆಗೆದುಕೊಟ್ಟ.